ಲೇಪಕ್ಕೆ ಮೊದಲು ನೆಲ

ಮನೆಯ ಪಕ್ಕದಲ್ಲಿ ವಾಹನ ನಿಲ್ಲಿಸುವ ಷೆಡ್ಡಿನ ನೆಲಕ್ಕೆ ಯಾವ ಲೇಪವನ್ನು ಹಾಕಿಸಬೇಕೆಂಬ ಪ್ರಶ್ನೆ ವಿಜ್ಞಾನದ ಪತ್ರಿಕೆಯೊಂದರಲ್ಲಿ ಚರ್ಚಿಸತಕ್ಕಷ್ಟು ದೊಡ್ಡದೇ ಎಂದು ಕೆಲವು ವಾಚಕರು ಕೇಳಬಹುದು. ನಕ್ಷತ್ರಗಳ ಹುಟ್ಟು, ಪರಮಾಣುವಿನ ಗರ್ಭ ಮುಂತಾದ ವಿಷಯಗಳ ಎದುರಿಗೆ ಒಂದು ಷೆಡ್ಡಿನ ನೆಲ ಎಷ್ಟರದು? ಆದರೆ ನಾವು ಹಾಗೆ ಎಣಿಸುವುದಿಲ್ಲ. ರಸಾಯನಶಾಸ್ತ್ರವನ್ನೂ ಭೌತಶಾಸ್ತ್ರವನ್ನೂ ಓದಿದವರು ತಮ್ಮ ಮನೆಯ ನೆಲವನ್ನು ಕುರಿತ ಪ್ರಶ್ನೆಗೆ ಉತ್ತರ ಹೇಳಲಾರದೆ ಹೋದರೆ ಆ ಓದು ಪುಸ್ತಕದಲ್ಲಿಯೇ ಉಳಿಯಿತೆಂದು ತಿಳಿಯಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಲ್ಲಿ ಒಂದು ಬೇಸಾಯದ ಮನೆಯಿದೆಯೆಂದು ಕಲ್ಪಿಸಿಕೊಳ್ಳಿ. ಅಟ್ಟದ ಮೇಲೆ ಕಾಯಿ, ಹಿತ್ತಲಲ್ಲಿ ಮಟ್ಟೆಯ ರಾಶಿ. ಹಿಂದೆ ಎತ್ತುಗಳಿದ್ದ ಕೊಟ್ಟಿಗೆಯ ಜಾಗದಲ್ಲಿ ಈಗ ತಗಡಿನ ಷೆಡ್ಡು. ಅದರೊಳಗೆ ಒಂದು ಟ್ರ್ಯಾಕ್ಟರು, ಒಂದು ಬೈಕು, ಅನುಕೂಲವಿದ್ದರೆ ಒಂದು ಕಾರು. ಗ್ಯಾರೇಜು ಎಂದರೆ ನಮ್ಮ ಜನರಿಗೆ ರಿಪೇರಿಯ ಅಂಗಡಿ. ಆದಕಾರಣ ಮನೆಯ ಈ ಜಾಗವನ್ನು ಷೆಡ್ಡು ಎಂದೇ ಕರೆಯೋಣ. ಅದರ ಸಿಮೆಂಟು ನೆಲ ಅಲ್ಲಲ್ಲಿ ಹುಡಿಯೇಳುತ್ತದೆ. ಇಂಜಿನ್ ಎಣ್ಣೆ ಸುರಿದ ಕಡೆ ಕಪ್ಪಾಗಿದೆ. ಕೊಬ್ಬರಿಯ ಮೂಟೆಗಳನ್ನು ಇಟ್ಟ ಕಡೆ ಜಿಡ್ಡು ಹಿಡಿದಿದೆ. ಮನೆಯ ಯಜಮಾನರು ಪಟ್ಟಣದ ಮೋಟಾರು ಮಳಿಗೆಯೊಂದರಲ್ಲಿ ಕನ್ನಡಿಯಂತೆ ಹೊಳೆಯುವ ನೆಲವನ್ನು ಕಂಡು ಬಂದಿದ್ದಾರೆ. “ನಮ್ಮ ಷೆಡ್ಡಿಗೂ ಅಂಥದ್ದೇ ಬಳಿಸಿದರೆ ಹೇಗೆ? ಓದಿದವರು ನೀವೇ ಹೇಳಿ” ಎಂದು ರಜಕ್ಕೆ ಬಂದ ಮಗನನ್ನೋ ಮಗಳನ್ನೋ ಕೇಳುತ್ತಾರೆ. ಹಂಗಾಮಿನ ಕೊಬ್ಬರಿಯ ಹಣದಲ್ಲಿ ಒಂದು ಪಾಲು ಈ ಉತ್ತರದ ಮೇಲೆ ನಿಂತಿದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಯಾವ ಲೇಪ ಹೆಚ್ಚು ಬಾಳುತ್ತದೆ ಎಂಬುದು ಎರಡನೆಯ ಪ್ರಶ್ನೆ. ಕೆಳಗಿರುವ ನೆಲ ಲೇಪವನ್ನು ಹೊರಲು ಯೋಗ್ಯವೇ ಎಂಬುದು ಮೊದಲನೆಯದು. ಅದನ್ನು ಕೇಳದೆ ಕೊಂಡ ಲೇಪ ಎಷ್ಟೇ ಉತ್ತಮವಾಗಿರಲಿ, ಹಾಳೆಹಾಳೆಯಾಗಿ ಏಳುವುದು ಬಹುಮಟ್ಟಿಗೆ ಖಂಡಿತ.

ಸಿಮೆಂಟಿನ ನೆಲವೆಂದರೇನು? ೧೮೨೪ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತ ‘ಪೋರ್ಟ್‌ಲೆಂಡ್ ಸಿಮೆಂಟು’ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ ಪದಾರ್ಥದ ವಂಶಕ್ಕೆ ಸೇರಿದ್ದು ನಮ್ಮ ಇಂದಿನ ಸಿಮೆಂಟು. ಅದರಲ್ಲಿ ಮುಖ್ಯವಾಗಿ ಕ್ಯಾಲ್ಸಿಯಂ ಸಿಲಿಕೇಟುಗಳಿವೆ. ನೀರು ಬೆರೆಸಿದಾಗ ಇವು ನೀರಿನೊಡನೆ ಸಂಯೋಗಹೊಂದಿ, ಮರಳು ಜಲ್ಲಿಗಳನ್ನು ಬಿಗಿದು ಹಿಡಿಯುವ ಅತಿಸೂಕ್ಷ್ಮ ಜಾಲವೊಂದನ್ನು ಕಟ್ಟುತ್ತವೆ. ಜೊತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡು, ಎಂದರೆ ನಾವು ಸುಣ್ಣದ ತಿಳಿಯಲ್ಲಿ ಕಾಣುವ ವಸ್ತು, ಹುಟ್ಟುತ್ತದೆ. ಸಿಮೆಂಟು ‘ಒಣಗಿ’ ಗಟ್ಟಿಯಾಗುತ್ತದೆ ಎಂಬ ಮಾತು ತಪ್ಪು. ಅದು ನೀರನ್ನು ಕುಡಿದು ಗಟ್ಟಿಯಾಗುತ್ತದೆ. ಆದುದರಿಂದಲೇ ಹೊಸ ನೆಲಕ್ಕೆ ದಿನಗಟ್ಟಲೆ ನೀರುಣಿಸಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ ೭ ದಿನ, ಬಿಸಿಲೂ ಒಣಹವೆಯೂ ಇದ್ದಲ್ಲಿ ೧೦ ದಿನ, ಬೂದಿ ಮೊದಲಾದುವನ್ನು ಬೆರೆಸಿದ ಸಿಮೆಂಟಾದರೆ ೧೪ ದಿನ ನೀರುಣಿಸುವುದು ಒಳ್ಳೆಯದೆಂದು ಭಾರತೀಯ ಮಾನಕವೂ ಹೇಳುತ್ತದೆ.

ಕಲಸಿದ ನೀರೆಲ್ಲ ಸಂಯೋಗಕ್ಕೆ ವೆಚ್ಚವಾಗುವುದಿಲ್ಲ. ಉಳಿದ ನೀರು ಮೆಲ್ಲಮೆಲ್ಲನೆ ಆವಿಯಾಗಿ ಹೋಗುತ್ತದೆ. ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಕಲ್ಲಿನಂತೆ ಕಾಣುವ ನೆಲ ನಿಜವಾಗಿ ಗಟ್ಟಿಯಾದ ಒಂದು ಸ್ಪಂಜು. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆ, ಭೂಮಿಯ ತೇವ ಈ ರಂಧ್ರಗಳ ಮೂಲಕ ಮೇಲೇರುತ್ತದೆ. ಇದಕ್ಕೆ ಕೇಶಾಕರ್ಷಣವೆಂದು ಹೆಸರು. ನಾಳ ಸಣ್ಣದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆಂಬುದನ್ನು ಪ್ರೌಢಶಾಲೆಯ ಪ್ರಯೋಗದಲ್ಲಿ ನೀವು ಕಂಡಿದ್ದೀರಿ. ಲೇಪವಿಲ್ಲದ ನೆಲದಲ್ಲಿ ಈ ತೇವ ಮೇಲೆ ಬಂದು ಗಾಳಿಗೆ ಸೇರಿಹೋಗುತ್ತದೆ. ಅದು ತಂದ ಲವಣ ಮಾತ್ರ ಬಿಳಿಯ ಹುಡಿಯಾಗಿ ಉಳಿಯುತ್ತದೆ. ಮೇಲೆ ಆವಿ ದಾಟಲಾರದ ಪೊರೆಯನ್ನು ಹೊದಿಸಿದರೆ ತೇವ ಪೊರೆಯ ಅಡಿಯಲ್ಲಿ ನಿಂತು, ಅಂಟನ್ನು ಸಡಿಲಿಸಿ, ಗುಳ್ಳೆಗಳನ್ನು ಎಬ್ಬಿಸುತ್ತದೆ. ಜನರು ಆಗ ಬಣ್ಣವನ್ನು ಬಯ್ಯುತ್ತಾರೆ. ಬಯ್ಯಬೇಕಾದುದು ಅವಸರವನ್ನು.

ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಉಂಡೆ ಕೊಬ್ಬರಿಯಾಗಲು ಬಲಿತ ಕಾಯನ್ನು ಅಟ್ಟಕ್ಕೆ ಏರಿಸಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಕಾಯುತ್ತಾರೆ. ಒಳಗಿನ ನೀರು ತಾನಾಗಿ ಆರಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದಾಗುವವರೆಗೆ ಯಾರೂ ಅದನ್ನು ಒಡೆಯುವುದಿಲ್ಲ. ಕಾಯಿಯ ನೀರಿಗಾಗಿ ಇಷ್ಟು ತಾಳ್ಮೆಯಿಂದ ಕಾಯುವ ಕುಟುಂಬ, ನೆಲದ ನೀರಿಗಾಗಿ ಒಂದು ತಿಂಗಳೂ ಕಾಯದೆ, ಮೇಸ್ತ್ರಿ ಹೋದ ವಾರವೇ ಬಣ್ಣದ ಡಬ್ಬಿಯನ್ನು ತೆರೆಯುವುದು ಸೋಜಿಗವಲ್ಲವೆ? ಹೊಸ ಕಾಂಕ್ರೀಟಿಗೆ ಪೊರೆಯ ಲೇಪ ಹಾಕುವ ಮುನ್ನ ೨೮ ದಿನಗಳಾದರೂ ಕಳೆದಿರಬೇಕೆಂಬುದು ರೂಢಿಯ ನಿಯಮ. ನೆಲದಡಿಯಲ್ಲಿ ತೇವವಿದ್ದರೆ ಆ ೨೮ ದಿನಗಳೂ ಸಾಲವು.

ಎರಡನೆಯ ಶತ್ರು ಕ್ಷಾರ. ಸಿಮೆಂಟಿನ ರಂಧ್ರಗಳಲ್ಲಿರುವ ನೀರು ತೀವ್ರ ಕ್ಷಾರಗುಣದ್ದು. ಅದರ ಪಿಎಚ್ ಮೌಲ್ಯ ೧೨ಕ್ಕೂ ಮೇಲೆ. ಬಾಗಿಲಿಗೆ ಬಳಿಯುವ ಎಣ್ಣೆಬಣ್ಣವನ್ನೇ ನೆಲಕ್ಕೂ ಬಳಿದರೆ, ಕ್ಷಾರವು ಬಣ್ಣದೊಳಗಿನ ಎಣ್ಣೆಯನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಬಣ್ಣ ಮೆತ್ತಗಾಗಿ, ಅಂಟಂಟಾಗಿ ಕಿತ್ತುಬರುತ್ತದೆ. ಎಣ್ಣೆಬಣ್ಣ ಸಿಮೆಂಟು ನೆಲಕ್ಕೆ ತಕ್ಕದ್ದಲ್ಲವೆಂಬುದಕ್ಕೆ ಇದೇ ಕಾರಣ.

ಮೂರನೆಯದು ನಮ್ಮ ಸೀಮೆಗೆ ವಿಶೇಷವಾದುದು: ಕೊಬ್ಬರಿಯ ಜಿಡ್ಡು. ಇಂಜಿನ್ ಎಣ್ಣೆ ಖನಿಜ ತೈಲದಿಂದ ಆದದ್ದು; ಅದು ಸಿಮೆಂಟಿನ ರಂಧ್ರಗಳನ್ನು ತುಂಬಿಕೊಂಡು ಲೇಪ ಅಂಟದಂತೆ ಮಾಡುತ್ತದೆಯೇ ಹೊರತು ಸಿಮೆಂಟಿನೊಡನೆ ಹೇಳಿಕೊಳ್ಳುವಂಥ ರಾಸಾಯನಿಕ ಕ್ರಿಯೆಯನ್ನು ನಡೆಸುವುದಿಲ್ಲ. ತೆಂಗಿನೆಣ್ಣೆಯ ರೀತಿ ಬೇರೆ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧಪಾಲು ಲಾರಿಕ್ ಆಮ್ಲ. ನೆಲದ ಕ್ಷಾರ ಈ ಎಣ್ಣೆಯನ್ನು ನಿಧಾನವಾಗಿ ಒಡೆಯುತ್ತದೆ. ಬಿಡುಗಡೆಯಾದ ಆಮ್ಲಗಳು ಸುಣ್ಣದ ಅಂಶದೊಡನೆ ಕೂಡಿ ಕ್ಯಾಲ್ಸಿಯಂ ಸಾಬೂನುಗಳಾಗುತ್ತವೆ. ತೆಂಗಿನೆಣ್ಣೆಯಿಂದ ಸಾಬೂನು ಮಾಡುವಾಗ ನಡೆಯುವುದೂ ಇದೇ ಜಾತಿಯ ಕ್ರಿಯೆ. ಆದರೆ ಈ ಸಾಬೂನು ನೀರಿನಲ್ಲಿ ಕರಗದ, ಬಲವಿಲ್ಲದ, ಮೆತ್ತನೆಯ ವಸ್ತು. ವರ್ಷಗಟ್ಟಲೆ ಜಿಡ್ಡು ಹೀರಿದ ನೆಲದ ಮೇಲ್ಮೈ ಹೀಗೆ ಸವೆದು ಹುಡಿಯಾಗುತ್ತದೆ. ಅದಲ್ಲದೆ ತೆಂಗಿನೆಣ್ಣೆ ಅಗಸೆ ಎಣ್ಣೆಯಂತೆ ಗಾಳಿಯಲ್ಲಿ ಒಣಗಿ ಪೊರೆಯಾಗುವ ಎಣ್ಣೆಯಲ್ಲ. ಸುಮಾರು ೨೪ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುವುದನ್ನು ಎಲ್ಲರೂ ನೋಡಿದ್ದಾರೆ. ನೆಲದ ಜಿಡ್ಡೂ ಬೆಳಗ್ಗೆ ಗಟ್ಟಿಯಾಗಿ, ಮಧ್ಯಾಹ್ನದ ಕಾವಿಗೆ ಮತ್ತೆ ಕರಗುತ್ತದೆ. ಅದರ ಮೇಲೆ ಬಳಿದ ಲೇಪ ಅಂಟುವುದು ಜಿಡ್ಡಿಗೇ ಹೊರತು ನೆಲಕ್ಕಲ್ಲ.

ಇನ್ನು ಹೊಳೆಯುವ ನೆಲದ ರಹಸ್ಯಕ್ಕೆ ಬರೋಣ. ಅದು ಸಾಮಾನ್ಯವಾಗಿ ಇಪಾಕ್ಸಿ. ೧೯೩೦ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಮೊದಲಾದವರು ರೂಪಿಸಿದ ರಾಳ ಇದು. ರಾಳವನ್ನೂ ಗಟ್ಟಿಕಾರಕವನ್ನೂ ಗೊತ್ತಾದ ಪ್ರಮಾಣದಲ್ಲಿ ಬೆರೆಸಿದಾಗ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ದೃಢವಾದ ಬಲೆಯಾಗುತ್ತವೆ. ಎಣ್ಣೆಗೂ ಕ್ಷಾರಕ್ಕೂ ಅದು ಸುಲಭವಾಗಿ ಬಗ್ಗುವುದಿಲ್ಲ. ಗುಣದಲ್ಲಿ ಇದು ಉತ್ತಮ ವಸ್ತುವೆಂಬುದರಲ್ಲಿ ಸಂಶಯವಿಲ್ಲ.

ಆದರೂ ಅದಕ್ಕೆ ತನ್ನದೇ ಮಿತಿಗಳಿವೆ. ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾಗುವ ಅನೇಕ ಇಪಾಕ್ಸಿಗಳು ೫೦ರಿಂದ ೬೦ ಡಿಗ್ರಿ ಸೆಲ್ಸಿಯಸ್ಸಿನ ಸಮೀಪದಲ್ಲಿ ಮೆತ್ತಗಾಗತೊಡಗುತ್ತವೆ. ಬಿಸಿಲಿನ ರಸ್ತೆಯಲ್ಲಿ ದೂರ ಓಡಿಬಂದ ಕಾರಿನ ಟೈರು ಬಿಸಿಯಾಗಿರುತ್ತದೆ. ತೆಳು ಲೇಪದ ಮೇಲೆ ನಿಂತು ಆರುವಾಗ ಅದನ್ನು ಹಿಡಿದುಕೊಳ್ಳುತ್ತದೆ. ಮರುದಿನ ಕಾರು ಹೊರಟಾಗ ಲೇಪದ ತುಂಡುಗಳೂ ಟೈರಿನೊಡನೆ ಹೊರಡುತ್ತವೆ. ಬಿಸಿಲು ನೇರವಾಗಿ ಬಿದ್ದಲ್ಲಿ ಇಪಾಕ್ಸಿ ಹಳದಿಗಟ್ಟುತ್ತದೆ. ಮುಂಭಾಗ ತೆರೆದ ಷೆಡ್ಡಿನಲ್ಲಿ ಇದನ್ನು ತಪ್ಪಿಸಬೇಕಾದರೆ ಬಿಸಿಲು ತಾಳುವ ಜಾತಿಯ ಪಾಲಿಯುರೆಥೇನನ್ನು ಮೇಲೆ ಹಾಕಬೇಕು. ಕಾದಾಗ ಇಪಾಕ್ಸಿ ಕಾಂಕ್ರೀಟಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ತಗಡಿನ ಮಾಡಿನ ಕೆಳಗೆ ಹಗಲಿನ ಕಾವು ಇರುಳಿನ ತಂಪುಗಳ ಈ ಎಳೆದಾಟವನ್ನು ದುರ್ಬಲವಾದ ಅಂಟು ತಾಳಲಾರದು. ನೀರು ಬಿದ್ದರೆ ನುಣುಪಾದ ನೆಲ ಜಾರುತ್ತದೆ. ಮನೆಯಲ್ಲಿ ಹಿರಿಯರೂ ಮಕ್ಕಳೂ ಇರುತ್ತಾರೆ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ ಇದೇ ಇಪಾಕ್ಸಿ ಎಷ್ಟೋ ವರ್ಷ ಬಾಳುತ್ತದಲ್ಲವೆ ಎಂದು ಕೇಳಬಹುದು. ನಿಜ, ಬಾಳುತ್ತದೆ. ಆದರೆ ಅಲ್ಲಿ ಒಳ್ಳೆಯ ಕೆಲಸವೆಂದರೆ ನೆಲದ ಕೆಳಗೆ ತೇವ ತಡೆಯುವ ಹಾಳೆ ಇರುತ್ತದೆ, ಮೇಲ್ಮೈಯನ್ನು ಯಂತ್ರದಿಂದ ಅರೆದು ದುರ್ಬಲ ಪೊರೆಯನ್ನು ತೆಗೆದಿರುತ್ತಾರೆ, ತೇವವನ್ನು ಅಳೆದಿರುತ್ತಾರೆ, ಲೇಪದ ದಪ್ಪ ಎರಡು ಮೂರು ಮಿಲಿಮೀಟರಿನವರೆಗೂ ಇರುತ್ತದೆ. ಮನೆಯವರು ಡಬ್ಬಿಯಲ್ಲಿ ತಂದು ರೋಲರಿನಿಂದ ಬಳಿಯುವ ಲೇಪ ಒಣಗಿದ ಮೇಲೆ ಎಷ್ಟೋ ವೇಳೆ ತಲೆಗೂದಲಿಗಿಂತ ಹೆಚ್ಚು ದಪ್ಪವಿರುವುದಿಲ್ಲ. ಹೆಸರು ಒಂದೇ ಆದರೂ ವಸ್ತು ಒಂದೇ ಅಲ್ಲ.

ಪೊರೆಯಾಗದ ಲೇಪಗಳೂ ಉಂಟು. ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟಿನ ದ್ರಾವಣವನ್ನು ನೆಲಕ್ಕೆ ಕುಡಿಸಿದರೆ, ಅದು ರಂಧ್ರಗಳೊಳಗಿನ ಸುಣ್ಣದ ಅಂಶದೊಡನೆ ಕೂಡಿ, ಸಿಮೆಂಟಿನಲ್ಲಿ ಮೊದಲೇ ಇರುವಂಥ ಸಿಲಿಕೇಟನ್ನೇ ಹುಟ್ಟಿಸುತ್ತದೆ. ನೆಲ ಗಟ್ಟಿಯಾಗಿ ಹುಡಿಯೇಳುವುದು ತಗ್ಗುತ್ತದೆ. ಆವಿ ಹೊರಹೋಗುವ ದಾರಿ ಪೂರ್ತಿ ಮುಚ್ಚುವುದಿಲ್ಲ. ಪೊರೆಯೇ ಇಲ್ಲವಾದುದರಿಂದ ಕಿತ್ತುಬರುವ ಮಾತೂ ಇಲ್ಲ. ಎಣ್ಣೆಯ ಕಲೆಯನ್ನು ಇದು ಪೂರ್ತಿಯಾಗಿ ತಡೆಯಲಾರದು; ಕನ್ನಡಿಯ ಹೊಳಪನ್ನು ಕೊಡಲಾರದು. ಷೆಡ್ಡಿಗೆ ಹೊಳಪು ಏಕೆ ಬೇಕೆಂಬುದನ್ನು ಯೋಚಿಸಿದರೆ ಇದು ದೊಡ್ಡ ಕೊರತೆಯೆಂದು ತೋರುವುದಿಲ್ಲ.

ನಮ್ಮ ಹಳೆಯ ಮನೆಗಳ ಕೆಂಪು ಗಾರೆಯ ನೆಲವನ್ನೂ ಇಲ್ಲಿ ನೆನೆಯಬೇಕು. ಅದು ಬಳಿದ ಬಣ್ಣವಲ್ಲ. ಕಬ್ಬಿಣದ ಕೆಂಪು ಆಕ್ಸೈಡನ್ನು ಸಿಮೆಂಟಿನಲ್ಲಿ ಬೆರೆಸಿ, ಇನ್ನೂ ಹಸಿಯಾಗಿರುವ ನೆಲದ ಮೇಲೆ ಎಳೆದು, ಕರಣೆಯಿಂದ ಮತ್ತೆ ಮತ್ತೆ ಉಜ್ಜಿ ಒಂದಾಗಿಸಿದ ಪದರ. ಕಬ್ಬಿಣದ ಆಕ್ಸೈಡು ಕ್ಷಾರಕ್ಕೂ ಬಿಸಿಲಿಗೂ ಬಣ್ಣಗೆಡದ ವಸ್ತು. ಎಷ್ಟೋ ಮನೆಗಳಲ್ಲಿ ಈ ನೆಲ ಎರಡು ಮೂರು ತಲೆಮಾರು ಕಂಡಿದೆ. ಟ್ರ್ಯಾಕ್ಟರಿನ ಚಕ್ರದ ಕೆಳಗೆ ಆ ನುಣುಪು ಉಳಿಯದು. ಹಳೆಯ ನೆಲದ ಮೇಲೆ ಅದನ್ನು ತೆಳುವಾಗಿ ಎಳೆದರೆ ಹಿಡಿಯದು. ಷೆಡ್ಡಿಗೆ ಅದನ್ನೇ ಮಾಡಿಸಿರೆಂದು ನಾವು ಹೇಳುವುದಿಲ್ಲ. ಆದರೆ ಮೇಲ್ಪದರ ಕೆಳಗಿನ ನೆಲದೊಡನೆ ಒಂದಾದಾಗಲೇ ಬಾಳುತ್ತದೆ ಎಂಬ ಪಾಠವನ್ನು ಆ ಗಾರೆಯವರು ನಮಗೆ ಕೈಯಿಂದ ಮಾಡಿ ತೋರಿಸಿದ್ದಾರೆ.

ಹಾಗಾದರೆ ನೆಲದ ಯೋಗ್ಯತೆಯನ್ನು ತಿಳಿಯುವುದು ಹೇಗೆ? ಇದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಸುಮಾರು ೪೫ ಸೆಂಟಿಮೀಟರ್ ಚೌಕದ ಪಾಲಿಥೀನ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಅಂಚನ್ನೂ ಅಂಟುಪಟ್ಟಿಯಿಂದ ಗಾಳಿಯಾಡದಂತೆ ಮುಚ್ಚಿರಿ. ಕನಿಷ್ಠ ೧೬ ಗಂಟೆಗಳ ನಂತರ ಬಿಚ್ಚಿ ನೋಡಿರಿ. ಹಾಳೆಯ ಅಡಿಯಲ್ಲಿ ನೀರಿನ ಹನಿಗಳಿದ್ದರೆ, ಅಥವಾ ನೆಲ ಕಪ್ಪಾಗಿದ್ದರೆ, ತೇವ ಮೇಲೇರುತ್ತಿದೆಯೆಂದು ಅರ್ಥ. ಮೂರು ನಾಲ್ಕು ಕಡೆ ಹೀಗೆ ಮಾಡಬೇಕು. ಬೇಸಗೆಯಲ್ಲಿ ಒಣಗಿರುವ ನೆಲ ಮಳೆಗಾಲದ ಕೊನೆಗೆ ತೇವವಾಗಿರಬಹುದು. ಆದಕಾರಣ ಎರಡು ಕಾಲಗಳಲ್ಲಿಯೂ ನೋಡುವುದು ಕ್ಷೇಮ. ಎರಡನೆಯದು ಹನಿಯ ಪರೀಕ್ಷೆ. ಗುಡಿಸಿದ ನೆಲದ ಮೇಲೆ ಒಂದೊಂದು ಹನಿ ನೀರು ಬಿಡಿರಿ. ಕೆಲವು ನಿಮಿಷಗಳಲ್ಲಿ ಇಂಗಿದರೆ ರಂಧ್ರಗಳು ತೆರೆದಿವೆ; ಕೆಸುವಿನೆಲೆಯ ಮೇಲಿನಂತೆ ಗುಂಡಾಗಿ ನಿಂತರೆ ಅಲ್ಲಿ ಜಿಡ್ಡೋ ಹಳೆಯ ಲೇಪವೋ ಇದೆ. ಮೂರನೆಯದಾಗಿ, ಮೊಳೆಯಿಂದ ಗೀಚಿ ನೋಡಿರಿ. ಹುಡಿ ಎದ್ದು ಆಳವಾದ ಗೀರು ಬಿದ್ದರೆ ಆ ಮೇಲ್ಮೈಯನ್ನು ತೆಗೆಯದೆ ಏನನ್ನು ಬಳಿದರೂ ವ್ಯರ್ಥ.

ಈ ಪರೀಕ್ಷೆಗಳ ಫಲದಂತೆ ನಮ್ಮ ಸಲಹೆ ಮೂರು ಬಗೆ. ಷೆಡ್ಡನ್ನು ಹೊಸದಾಗಿ ಕಟ್ಟಿಸುವವರು ಬಣ್ಣದ ಹಣವನ್ನು ನೆಲದ ಅಡಿಗೆ ಹಾಕಲಿ: ಗಟ್ಟಿಯಾಗಿ ದಮ್ಮಸು ಮಾಡಿದ ಮಣ್ಣು, ಅದರ ಮೇಲೆ ದಪ್ಪ ಜಲ್ಲಿಯ ಹಾಸು, ದಪ್ಪ ಪಾಲಿಥೀನ್ ಹಾಳೆ, ಆಮೇಲೆ ನೀರು ಹೆಚ್ಚಾಗದಂತೆ ಕಲಸಿದ ಕಾಂಕ್ರೀಟು. ಜಲ್ಲಿಯ ನಡುವಣ ಸಂದುಗಳು ದೊಡ್ಡವಾದುದರಿಂದ ಕೇಶಾಕರ್ಷಣ ಅಲ್ಲಿ ಮುರಿದುಬೀಳುತ್ತದೆ. ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು, ತಕ್ಕ ಅಂತರಗಳಲ್ಲಿ ಸಂದು, ಎರಡು ವಾರ ಬಿಡದೆ ನೀರು. ಇಂಥ ನೆಲಕ್ಕೆ ಸಿಲಿಕೇಟು ಕುಡಿಸಿದರೆ ಸಾಕು. ಹಳೆಯ ನೆಲವಾಗಿದ್ದು, ಎರಡು ಕಾಲಗಳಲ್ಲಿಯೂ ಒಣಗಿದ್ದು, ಜಿಡ್ಡು ಆಳಕ್ಕೆ ಇಳಿಯದಿದ್ದರೆ, ಮೇಲ್ಮೈಯನ್ನು ಅರೆದು ತಕ್ಕ ದಪ್ಪದ ಇಪಾಕ್ಸಿಯನ್ನು ಹಾಕಿಸಬಹುದು. ನೆಲ ತೇವವಾಗಿದ್ದರೆ ಪೊರೆಯ ಲೇಪದ ಆಸೆಯನ್ನು ಬಿಡಬೇಕು. ಒಡೆದಲ್ಲಿ ತೇಪೆ ಹಾಕಿ ನೆಲವನ್ನು ಉಸಿರಾಡಲು ಬಿಡಬೇಕು, ಇಲ್ಲವೆ ದಪ್ಪ ಚಪ್ಪಡಿ ಕಲ್ಲನ್ನು ಹಾಸಿಸಬೇಕು. ಒಂದು ಚಪ್ಪಡಿ ಕೆಟ್ಟರೆ ಒಂದನ್ನೇ ಬದಲಾಯಿಸಬಹುದು. ಮೂಟೆಗಳನ್ನು ಇಡುವ ಕಡೆ ಮರದ ಹಲಗೆಯನ್ನೋ ಹಾಳೆಯನ್ನೋ ಹಾಸುವುದು ಎಲ್ಲ ಲೇಪಗಳಿಗಿಂತ ಅಗ್ಗ.

ಇಪಾಕ್ಸಿಯನ್ನೇ ಹಾಕಿಸುವವರು ವೇಳೆಯನ್ನು ನೋಡಿಕೊಳ್ಳಬೇಕು. ಬೆಳಗ್ಗೆ ಬಳಿದರೆ, ಹೊತ್ತೇರಿದಂತೆ ನೆಲ ಕಾದು, ರಂಧ್ರಗಳ ಗಾಳಿ ಹಿಗ್ಗಿ ಹೊರಬಂದು, ಹಸಿ ಲೇಪದಲ್ಲಿ ಸೂಜಿಮೊನೆಯಂಥ ತೂತುಗಳನ್ನು ಮಾಡುತ್ತದೆ. ನೆಲ ತಣಿಯತೊಡಗಿದ ಸಂಜೆ ಅದಕ್ಕೆ ತಕ್ಕ ಹೊತ್ತು. ಬೆರೆಸಿದ ರಾಳ ತಾನೇ ಶಾಖವನ್ನು ಹುಟ್ಟಿಸುವುದರಿಂದ ಕಡುಬೇಸಗೆಯ ಮಧ್ಯಾಹ್ನ ಬಕೆಟ್ಟಿನಲ್ಲಿಯೇ ಗಟ್ಟಿಯಾಗಿಬಿಡಬಹುದು.

ಕೆಲಸ ಮಾಡುವವನ ಮಾತನ್ನು ಬಿಟ್ಟು ಈ ಲೇಖನವನ್ನು ಮುಗಿಸಲಾಗದು. ಇಪಾಕ್ಸಿಯ ರಾಳವೂ ಗಟ್ಟಿಕಾರಕವೂ ಬರಿಯ ಕೈಗೆ ತಾಕುತ್ತಿದ್ದರೆ ಚರ್ಮಕ್ಕೆ ಅಲರ್ಜಿ ಹತ್ತುತ್ತದೆ. ಒಮ್ಮೆ ಹತ್ತಿದರೆ ಬಾಳಿನುದ್ದಕ್ಕೂ ಬಿಡದಿರಬಹುದು, ಆತ ಆ ಕಸುಬನ್ನೇ ತೊರೆಯಬೇಕಾಗಬಹುದು. ನೆಲ ತೊಳೆಯಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಶ್ವಾಸನಾಳವನ್ನು ಸುಡುತ್ತದೆ, ಷೆಡ್ಡಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಕಾಂಕ್ರೀಟನ್ನು ಒಣಗಿದಂತೆಯೇ ಅರೆದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲಸಿ ವಾಸಿಯಾಗದ ರೋಗವನ್ನು ತರಬಲ್ಲದು. ಕೈಗವಸು, ತಕ್ಕ ಮುಖಕವಚ, ತೆರೆದ ಬಾಗಿಲು, ನೀರು ಹಾಕಿ ಅರೆಯುವ ಪದ್ಧತಿ ಇವುಗಳ ವೆಚ್ಚವನ್ನು ಲೇಪದ ವೆಚ್ಚದಲ್ಲಿಯೇ ಸೇರಿಸಬೇಕು. ಅದನ್ನು ಕೊಡಲಾರದವರು ಲೇಪವನ್ನು ಕೊಳ್ಳಲೂ ಶಕ್ತರಲ್ಲವೆಂದೇ ನಮ್ಮ ಮತ.

ಬಾಳಿಕೆ ಎಂಬ ಮಾತನ್ನೂ ನಾವು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಆ ಷೆಡ್ಡಿನ ಜಾಗದಲ್ಲಿ ಹಿಂದೆ ಇದ್ದದ್ದು ಮಣ್ಣಿನ ನೆಲ. ಮನೆಯ ಹೆಂಗಸರು ಸಗಣಿಯಿಂದ ಅದನ್ನು ಸಾರಿಸುತ್ತಿದ್ದರು. ಆ ಲೇಪದ ಆಯುಸ್ಸು ಕೆಲವೇ ದಿನ. ಆದರೂ ನೆಲ ತಲೆಮಾರುಗಳ ಕಾಲ ಉಳಿಯಿತು, ಏಕೆಂದರೆ ಅದನ್ನು ಸರಿಪಡಿಸುವ ಬಗೆ ಮನೆಯವರ ಕೈಯಲ್ಲಿಯೇ ಇತ್ತು. ಆ ದುಡಿಮೆ ಮತ್ತೆ ಬರಲಿ ಎಂದು ನಾವು ಹೇಳುತ್ತಿಲ್ಲ. ಕೆಟ್ಟಾಗ ಸುಲಭವಾಗಿ ಸರಿಮಾಡಲು ಬರುವುದು, ಎಂದೂ ಕೆಡುವುದಿಲ್ಲವೆಂದು ಹೇಳಿ ಮಾರುವುದಕ್ಕಿಂತ ಮೇಲೆಂದಷ್ಟೇ ನಮ್ಮ ವಾದ.

ಆದುದರಿಂದ, ಮನೆಯ ಹಿರಿಯರು ಈ ಪ್ರಶ್ನೆಯನ್ನು ಕೇಳಿದಾಗ ನಮ್ಮ ತರುಣ ವಾಚಕರು ಲೇಪದ ಹೆಸರನ್ನು ಕೂಡಲೆ ಹೇಳದಿರಲಿ. ಒಂದು ಪಾಲಿಥೀನ್ ಹಾಳೆಯನ್ನೂ ಅಂಟುಪಟ್ಟಿಯನ್ನೂ ತರಲಿ. ಮಳೆಗಾಲ ಕಳೆದ ಮೇಲೆ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ನೆಲವನ್ನು ಪರೀಕ್ಷಿಸಿ, ಕಂಡದ್ದನ್ನು ತಾರೀಖು ಹಾಕಿ ಬರೆದಿಡಲಿ. ಅಷ್ಟರಲ್ಲಿ ಅಟ್ಟದ ಮೇಲಿನ ಕಾಯಿಯೂ ಕೊಬ್ಬರಿಯಾಗುವ ಹೊತ್ತಿಗೆ ಬಂದಿರುತ್ತದೆ. ಹಣವನ್ನು ಎಲ್ಲಿ ಹಾಕಬೇಕೆಂಬುದನ್ನು ಆಗ ತೀರ್ಮಾನಿಸಬಹುದು.